ಯಾವೂರು ಶಾಸ್ತ್ರ: ಒಂದು ಅಪೂರ್ಣ ಮೀಮಾಂಸೆ

ಎಲ್ಲ ಶಾಸ್ತ್ರಗಳೂ ಜಿಜ್ಞಾಸೆಯಿಂದ ಹುಟ್ಟುತ್ತವೆ. ಯಾವೂರು ಶಾಸ್ತ್ರ ಹುಟ್ಟುವುದು ಕೆಂಪು ಬಸ್ಸಿನ ಮೂರು ಜನರ ಸೀಟಿನಲ್ಲಿ. ಟಿಕೆಟ್ ತೆಗೆದುಕೊಂಡು, ಚಿಲ್ಲರೆ ಎಣಿಸಿ, ಚೀಲವನ್ನು ಕಾಲಡಿಗೆ ತಳ್ಳಿದ ಮೇಲೆ ಪಕ್ಕದವರು ಕೇಳುತ್ತಾರೆ: “ಯಾವೂರಾಯ್ತು ಸಾರ್?” ಉತ್ತರ ಬಂದ ಅರೆಕ್ಷಣದಲ್ಲಿ ಅವರಿಗೆ ಎದುರಿನವರ ಊಟ, ಮಾತು, ಸಿಟ್ಟು, ಕೈಬಿಗಿತ ಎಲ್ಲವೂ ತಿಳಿದುಹೋಗಿರುತ್ತದೆ. ಧಾರವಾಡವೆಂದರೆ ಖಾರ ಮತ್ತು ಖಡಕ್ ಮಾತು. ಮಂಡ್ಯವೆಂದರೆ ಒರಟು. ಮಂಗಳೂರೆಂದರೆ ಪುಸ್ತಕದ ಕನ್ನಡ, ಮೈಸೂರೆಂದರೆ ನಿಧಾನ. ಇಷ್ಟು ಕಡಿಮೆ ಬಂಡವಾಳಕ್ಕೆ ಇಷ್ಟು ಜ್ಞಾನ ಕೊಡುವ ಇನ್ನೊಂದು ವಿದ್ಯೆ ಜ್ಯೋತಿಷ್ಯ. ಅದಕ್ಕೂ ಹುಟ್ಟಿದ ಹೊತ್ತು ಬೇಕಾಗುತ್ತದೆ.

ಪರಿಭಾಷೆ ಸ್ಪಷ್ಟವಾಗದೆ ಪಾಂಡಿತ್ಯ ಮುಂದುವರಿಯುವುದಿಲ್ಲ. ಕನ್ನಡದ ಪಂಡಿತರು ಇದನ್ನು ಪಡಿಯಚ್ಚು ಎನ್ನುತ್ತಾರೆ, ಇಂಗ್ಲಿಷಿನವರು ಸ್ಟೀರಿಯೋಟೈಪ್ ಎನ್ನುತ್ತಾರೆ. ಎರಡೂ ಅಚ್ಚಿನ ಮಾತೇ. ಬಿಡಿ ಮೊಳೆಗಳನ್ನು ಜೋಡಿಸಿದ ಪುಟದ ಅಚ್ಚು ತೆಗೆದು, ಲೋಹ ಹೊಯ್ದು, ಇಡೀ ಪುಟವನ್ನು ಒಂದೇ ಫಲಕವಾಗಿಸುವ ಕೆಲಸಕ್ಕೆ 18ನೇ ಶತಮಾನದ ಕೊನೆಯಲ್ಲಿ ಈ ಹೆಸರಿಟ್ಟವನು ಪ್ಯಾರಿಸ್ಸಿನ ಮುದ್ರಕ ಫರ್ಮಿನ್ ದಿದೋ. ಮೊಳೆಗಳು ಬೇರೆ ಕೆಲಸಕ್ಕೆ ಬಿಡುವಾಗುತ್ತವೆ, ಪುಟವನ್ನು ಎಷ್ಟು ಸಲ ಬೇಕಾದರೂ ಒತ್ತಬಹುದು. ಆದರೆ ಫಲಕದಲ್ಲಿ ಒಂದು ಕೊಂಬು ತಪ್ಪಿದರೆ ಪ್ರತಿಯೊಂದು ಪ್ರತಿಯಲ್ಲೂ ಅದೇ ತಪ್ಪು ಕೊಂಬು. 1922ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ‘ಪಬ್ಲಿಕ್ ಒಪಿನಿಯನ್’ ಪುಸ್ತಕದಲ್ಲಿ ಈ ಪದವನ್ನು ಛಾಪಖಾನೆಯಿಂದ ಎತ್ತಿ ಮನುಷ್ಯನ ತಲೆಯೊಳಗಿಟ್ಟ. ನಮ್ಮ ಅಡುಗೆಮನೆಗಳಿಗೆ ಇದರಲ್ಲಿ ಹೊಸದೇನೂ ಇಲ್ಲ. ಸಂಕ್ರಾಂತಿ ಬಂತೆಂದರೆ ಒಂದೇ ಸಕ್ಕರೆ ಪಾಕ ಈ ಅಚ್ಚಿನಲ್ಲಿ ಗಿಳಿ, ಆ ಅಚ್ಚಿನಲ್ಲಿ ಗೋಪುರ.

ಇನ್ನು ಪ್ರಮಾಣ ವಿಚಾರ. ತರ್ಕಶಾಸ್ತ್ರ ಪ್ರತ್ಯಕ್ಷವನ್ನು ಮೊದಲ ಪ್ರಮಾಣವೆನ್ನುತ್ತದೆ. ಯಾವೂರು ಶಾಸ್ತ್ರಕ್ಕೆ ಆ ಹಂಗಿಲ್ಲ. ಅದು ಅನುಮಾನ ಪ್ರಮಾಣವೊಂದನ್ನೇ ನೆಚ್ಚುತ್ತದೆ, ಅದೂ ಆಡುಮಾತಿನ ಅರ್ಥದಲ್ಲಿ. ಇದಕ್ಕೆ ವಿದೇಶಿ ಆಧಾರವೂ ಉಂಟು. 1933ರಲ್ಲಿ ಕಾಟ್ಜ್ ಮತ್ತು ಬ್ರೇಲಿ ಎಂಬ ಸಂಶೋಧಕರು ಪ್ರಿನ್ಸ್‌ಟನ್ನಿನ 100 ವಿದ್ಯಾರ್ಥಿಗಳ ಮುಂದೆ 84 ಗುಣವಾಚಕಗಳ ಪಟ್ಟಿಯಿಟ್ಟು, ಹತ್ತು ಜನಾಂಗಗಳಿಗೆ ಹಂಚಿರೆಂದರು. ತುರ್ಕರ ಪಾಲಿಗೆ ಅತಿ ಹೆಚ್ಚು ಮತ ಬಿದ್ದದ್ದು ‘ಕ್ರೂರಿಗಳು’ ಎಂಬುದಕ್ಕೆ. ಹಂಚಿದವರಲ್ಲಿ ಹೆಚ್ಚಿನವರು ತುರ್ಕರನ್ನು ಕಂಡವರೇ ಅಲ್ಲ. 1946ರಲ್ಲಿ ಯೂಜೀನ್ ಹಾರ್ಟ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ: ಡಾನೀರಿಯನ್, ಪಿರೇನಿಯನ್, ವಲ್ಲೋನಿಯನ್ ಎಂಬ ಮೂರು ಜನಾಂಗಗಳನ್ನು ತಾನೇ ಹುಟ್ಟಿಸಿ ಪ್ರಶ್ನಾವಳಿಯಲ್ಲಿ ಸೇರಿಸಿದ. ಉಳಿದವರನ್ನು ದೂರವಿಟ್ಟ ವಿದ್ಯಾರ್ಥಿಗಳು ಭೂಮಿಯ ಮೇಲೇ ಇಲ್ಲದ ಈ ಬಡಪಾಯಿಗಳನ್ನೂ ದೂರವೇ ಇಟ್ಟರು. ಬಸ್ಸಿನಲ್ಲಿ “ನಂದು ಪಿರೇನಿಯಾ” ಎಂದು ನೋಡಬೇಕು. “ಓ, ಆ ಕಡೆಯವರಾ” ಎಂಬ ಉತ್ತರ ಬಾರದಿದ್ದರೆ ಕೇಳಿ.

ಈ ಶಾಸ್ತ್ರದ ದೆಹಲಿ ಶಾಖೆ ‘ಮದ್ರಾಸಿ’ ಎಂಬ ಒಂದೇ ಪದದಲ್ಲಿ ವಿಂಧ್ಯದ ಈಚೆಗಿನ ಎಲ್ಲವನ್ನೂ ಮುಗಿಸುತ್ತದೆ. 1968ರ ‘ಪಡೋಸನ್’ ಚಿತ್ರದ ಸಂಗೀತ ಮೇಷ್ಟ್ರಾಗಿ ಮೆಹಮೂದ್ ಅದಕ್ಕೆ ಮುಖ, ಜುಟ್ಟು, ಉಚ್ಚಾರ ಕೊಟ್ಟರು. ನಿಷ್ಪಕ್ಷಪಾತಿಯಾದ ವಿದ್ವಾಂಸ ಒಂದು ಮಾತು ಒಪ್ಪಬೇಕು: ಮಂಗಳೂರಿನವರು 1956ರ ಅಕ್ಟೋಬರ್ 31ರವರೆಗೆ ಕಾನೂನು ಪ್ರಕಾರ ಮದ್ರಾಸ್ ರಾಜ್ಯದವರೇ. ಆದರೆ ಧಾರವಾಡದವರು ಅಂದು ಮುಂಬಯಿಯವರು, ಕಲಬುರಗಿಯವರು ಹೈದರಾಬಾದಿನವರು. ಮರುದಿನ ಎಲ್ಲರೂ ಒಂದೇ ರಾಜ್ಯದವರಾದರು. 1969ರಲ್ಲಿ ಮದ್ರಾಸ್ ರಾಜ್ಯವೇ ತಮಿಳುನಾಡಾಯಿತು, 1996ರಲ್ಲಿ ಮದ್ರಾಸ್ ನಗರ ಚೆನ್ನೈ ಆಯಿತು. ಮದ್ರಾಸ್ ಹೋಯಿತು, ಮದ್ರಾಸಿ ಉಳಿದ. ಬೆಂಗಳೂರು ಶಾಖೆ ಇದಕ್ಕೆ ಬಡ್ಡಿ ಸಮೇತ ಉತ್ತರ ಕೊಟ್ಟಿದೆ: ಅಲ್ಲಿ ಒಡಿಯಾ ಮಾತಾಡುವವರೂ ಬಂಗಾಳಿಯವರೂ ಅಸ್ಸಾಮಿನವರೂ ಸಾರಾಸಗಟಾಗಿ ‘ಹಿಂದಿಯವರು’.

ಪಡಿಯಚ್ಚಿನಲ್ಲಿ ಚೂರು ನಿಜ ಇರುವುದಿಲ್ಲವೇ ಎಂದು ಪೂರ್ವಪಕ್ಷದವರು ಕೇಳಬಹುದು. ಇರುತ್ತದೆ. ಮಂಗಳೂರಿನ ಎಷ್ಟೋ ಮನೆಗಳಲ್ಲಿ ಆಡುವುದು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಅವರಿಗೆ ಶಾಲೆಯಲ್ಲಿ, ಪುಸ್ತಕದಿಂದ ಸಿಕ್ಕಿದ್ದು. ಪುಸ್ತಕದಿಂದ ಬಂದದ್ದು ಪುಸ್ತಕದಂತೆಯೇ ಕೇಳಿಸುತ್ತದೆ. ಅಚ್ಚು ಈ ಕಾರಣವನ್ನು ಸೋಸಿ ಚೆಲ್ಲಿ, ನಗುವನ್ನು ಮಾತ್ರ ಇಟ್ಟುಕೊಳ್ಳುತ್ತದೆ.

ಆದರೂ ಶಾಸ್ತ್ರದ ನಿಜವಾದ ಪ್ರತಿಭೆ ಇರುವುದು ಅಪವಾದ ಸೂತ್ರದಲ್ಲಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದ ಧಾರವಾಡದ ಹುಡುಗನ ಸಂದರ್ಶನವನ್ನು ನಿದರ್ಶನವಾಗಿ ನೋಡಬಹುದು.

“ಧಾರವಾಡದ ಕಡೆಯೋರಾ? ಹಾಗಾದ್ರೆ ಖಾರ ಜಾಸ್ತಿ. ಒಗ್ಗರಣೆ ಘಾಟು ಮೇಲಿನ ಮನೆಗೆ ಬರುತ್ತೆ.”

“ಇಲ್ರೀ ಸರ, ನನಗ ಅಲ್ಸರ್ ಐತ್ರಿ. ಖಾರ ಮುಟ್ಟಂಗಿಲ್ಲ.”

“ಹೌದಾ? ಪರವಾಗಿಲ್ಲ, ನೀವು ಅವರ ಥರ ಇಲ್ಲ ಬಿಡಿ.”

ಮನೆ ಸಿಕ್ಕಿತು. ಅಚ್ಚಿಗೆ ಒಂದು ಗೀರೂ ಬೀಳಲಿಲ್ಲ. ಹಾರ್ವರ್ಡಿನ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದನ್ನು ಬೇಲಿಯ ರೂಪಕದಲ್ಲಿ ವಿವರಿಸಿದ್ದಾನೆ: ಹೊಂದದ ಒಬ್ಬನಿಗಾಗಿ ಬೇಲಿಯನ್ನು ತುಸು ತೆರೆದು, ಅವನು ಆಚೆ ಹೋದೊಡನೆ ಮತ್ತೆ ಬಿಗಿಯುವುದು. ನೂರು ಜನ ಸಪ್ಪೆ ಉಣ್ಣುವ ಧಾರವಾಡದವರು ಸಾಲಾಗಿ ಬಂದರೂ ಮಾಲೀಕರಿಗೆ ಸಿಗುವುದು ನೂರು ಅಪವಾದಗಳೇ ಹೊರತು ಒಂದು ಸಂಶಯವಲ್ಲ. ಸಾವಜಿ ಊಟವನ್ನು ಬೆವರೊರೆಸಿಕೊಂಡು ಉಣ್ಣುವ ಒಬ್ಬನೇ ಒಬ್ಬ ಬಂದರೆ ಮಾತ್ರ “ನಾನು ಹೇಳಲಿಲ್ವಾ” ಎಂಬ ಮಾತು ಮೂರು ಮಹಡಿಗೂ ಕೇಳಿಸುತ್ತದೆ.

ಪ್ರಬಂಧದ ಎರಡನೇ ಭಾಗದಲ್ಲಿ ಮಂಡ್ಯದ ಒರಟುತನವನ್ನು ಅಳೆಯುವ ಮಾಪಕದ ಚರ್ಚೆ ಬರಬೇಕಿತ್ತು. ಅದು ಗಡುವಿಗೆ ಮುಗಿಯಲಿಲ್ಲ. ಫೋನ್ ಮಾಡಿದ ಸಂಪಾದಕರು “ಮೈಸೂರಿನವರಲ್ವೇ, ತಡ ಆಗುತ್ತೆ ಅಂತ ಗೊತ್ತಿತ್ತು” ಎಂದರು. ತಮ್ಮದು ಹಾಸನವೆಂದು ಪ್ರಬಂಧಕಾರರು ತಿದ್ದಿದರು. ಆ ತುದಿಯಲ್ಲಿ ಅರೆಕ್ಷಣ ಮೌನ.

“ಅದೇ, ಆ ಕಡೆಯೋರು ತಾನೇ.”