ಊಟಿಯಲ್ಲೊಂದು ಒನಕೆ ಪ್ರಸಂಗ

ಊಟಿಯಲ್ಲಿ ಮಕ್ಕಳ ವೇಷದ ಸ್ಪರ್ಧೆಗೆ ಆಯುಧ ಮಾಡಿಕೊಡುವ ಹಣೆಬರಹ ನಿಮ್ಮದಾದರೆ ಒಂದು ವಿಷಯ ಮೊದಲೇ ತಿಳಿದಿರಲಿ: ನೀಲಗಿರಿಯಲ್ಲಿ ನಿಜವಾದ ಆಯುಧಕ್ಕೆ ಬರವಿಲ್ಲ, ಸುಳ್ಳು ಆಯುಧಕ್ಕೇ ತತ್ವಾರ. ಅರುವಂಕಾಡಿನಲ್ಲಿ ಬ್ರಿಟಿಷರ ಕಾಲದ ಕಾರ್ಡೈಟ್ ಕಾರ್ಖಾನೆ ಇವತ್ತಿಗೂ ಮದ್ದು ತಯಾರಿಸುತ್ತದೆ. ಪಕ್ಕದ ವೆಲಿಂಗ್ಟನ್ನಿನಲ್ಲಿ ಮೂರೂ ಪಡೆಗಳ ಅಧಿಕಾರಿಗಳು ಕೂತು ಯುದ್ಧಶಾಸ್ತ್ರ ಓದುತ್ತಾರೆ. ಮೂರನೇ ಕ್ಲಾಸಿನ ಹುಡುಗಿಗೊಂದು ಗದೆ ಬೇಕು ಅನ್ನಿ, ಇಡೀ ಜಿಲ್ಲೆ ಕೈಚೆಲ್ಲುತ್ತದೆ.

ಯಾಕೆಂದರೆ ಯೂಟ್ಯೂಬಿನ ಪಂಡಿತರೆಲ್ಲ ಶುರು ಮಾಡುವುದೇ ‘ಒಂದು ಖಾಲಿ ನೀರಿನ ಬಾಟಲಿ ತಗೊಳ್ಳಿ’ ಎಂದು. ಎಲ್ಲಿಂದ ತಗೊಳ್ಳೋಣ ಸ್ವಾಮಿ? ಇಲ್ಲಿ ಐದು ಲೀಟರಿಗಿಂತ ಸಣ್ಣ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ. ಥರ್ಮೋಕೋಲ್ ತಟ್ಟೆಯಲ್ಲಿ ಗುರಾಣಿ ಮಾಡೋಣವೆಂದರೆ ಅದೂ 2019ರ ಜನವರಿಯಿಂದ ತಮಿಳುನಾಡಿನಲ್ಲೇ ಇಲ್ಲ. ಮೈಸೂರಿನ ನೆಂಟರು ತರಲಿ ಎಂದರೆ ಕೆಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ಬಾಟಲಿ ಇಳಿಸಿಕೊಳ್ಳುತ್ತಾರೆ. (ನಿಷೇಧ ತಪ್ಪು ಎಂದು ನಾನಂದೆನೇ? ಆನೆ ಲದ್ದಿಯಲ್ಲಿ ಪ್ಲಾಸ್ಟಿಕ್ ಚೂರು ಕಂಡವರು ಹಾಗನ್ನಲಾರರು.)

ನಮ್ಮ ಭಾವ ಮಾತ್ರ ಎದೆಗುಂದಲಿಲ್ಲ. ಅವರು ಹಳೇ ಇಂಗ್ಲಿಷ್ ಸಿನಿಮಾಗಳ ಭಕ್ತರು. 1977ರ ‘ಸ್ಟಾರ್ ವಾರ್ಸ್’ನಲ್ಲಿ ಝಗಝಗಿಸುವ ಬೆಳಕಿನ ಕತ್ತಿ ಇದೆಯಲ್ಲ, ಅದರ ಹಿಡಿ ಹಳೇ ಗ್ರಾಫ್ಲೆಕ್ಸ್ ಕ್ಯಾಮರಾದ ಫ್ಲ್ಯಾಶ್ ಹಿಡಿಯಂತೆ. ರೋಜರ್ ಕ್ರಿಶ್ಚಿಯನ್ ಎಂಬಾತ ಲಂಡನ್ನಿನ ಒಂದು ಫೋಟೋ ಅಂಗಡಿಯಲ್ಲಿ ಅದನ್ನು ಹುಡುಕಿ ತಂದ. ಇನ್ನೊಂದು ಕತ್ತಿಯ ಹಿಡಿಗೆ ನಲ್ಲಿಯ ತಿರುಪನ್ನೂ ಸೇರಿಸಿದ್ದರಂತೆ. ಇಷ್ಟು ಹೇಳಿ ಭಾವ ಕರ್ಟನ್ ರಾಡು ಕಿತ್ತು ತಂದು, ಅದರ ತುದಿಗೆ ದೇವರ ಮನೆಯ ಹಿತ್ತಾಳೆ ಚೊಂಬನ್ನು ಬೋರಲು ಹಾಕಿ, ‘ಭೀಮನ ಗದೆ!’ ಎಂದರು. ಅಕ್ಕ ಚೊಂಬನ್ನಷ್ಟೇ ಒಳಗೆ ತಗೊಂಡು ಹೋದಳು. ಉಳಿದ ರಾಡಿನೊಂದಿಗೆ ಭಾವ ಬಹಳ ಹೊತ್ತು ಹಾಗೇ ನಿಂತಿದ್ದರು.

ಅಷ್ಟರಲ್ಲಿ ಗದೆ ಕೇಳಿದ್ದ ಪುಟ್ಟಿ ಮನಸ್ಸು ಬದಲಿಸಿದಳು. “ಮಾಮ, ನಾನು ಓಬವ್ವ ಆಗ್ತೀನಿ.”

ಒಳ್ಳೇ ಆಯ್ಕೆ ಅನ್ನಿಸಿತು. ಚಿತ್ರದುರ್ಗದ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ತೂರಿ ಬರುವಾಗ ಓಬವ್ವ ಶಸ್ತ್ರಾಗಾರದ ಬೀಗದ ಕೈ ಹುಡುಕುತ್ತ ಕೂರಲಿಲ್ಲ, ಮನೆಯ ಒನಕೆ ಎತ್ತಿದಳು. 1972ರ ‘ನಾಗರಹಾವು’ ನೋಡಿದವರ ಕಣ್ಣಲ್ಲಿ ಓಬವ್ವ ಎಂದರೆ ಜಯಂತಿ, ಜಯಂತಿ ಎಂದರೆ ಕೈಯಲ್ಲಿ ಒನಕೆ. ಆದರೆ ಮಿಕ್ಸಿ ಬಂದಮೇಲೆ ಒನಕೆ ಯಾವ ಮನೆಯಲ್ಲಿದೆ? ಕೇಳಿ ತಂದ ಒಂದನ್ನು ಎತ್ತಲು ಪುಟ್ಟಿಯ ಜೊತೆ ನಾನೂ ವೇದಿಕೆ ಹತ್ತಬೇಕಾಗುತ್ತಿತ್ತು.

ಕೊನೆಗೆ ಹಾರ್ಡ್‌ವೇರ್ ಅಂಗಡಿಯೇ ಗತಿ. ಬಾಟಲಿಗೆ ನಿಷೇಧವಿದ್ದರೂ ಪಿವಿಸಿ ಪೈಪಿಗಿಲ್ಲ. ಎರಡು ಇಂಚಿನ ಪೈಪು, ಎರಡು ಎಂಡ್ ಕ್ಯಾಪು, ಉಪ್ಪುಕಾಗದ, ಎಂ-ಸೀಲು, ಕಂದು ಬಣ್ಣ. ನಯವಾದ ಪೈಪಿಗೆ ಬಣ್ಣ ಕಚ್ಚುವುದಿಲ್ಲ, ಮೊದಲು ಉಪ್ಪುಕಾಗದದಲ್ಲಿ ತಿಕ್ಕಿ ತರಿ ಎಬ್ಬಿಸಬೇಕು. ಅದರ ಮೇಲೆ ಮೈದಾ ಅಂಟಿನಲ್ಲಿ ಹಳೇ ಪೇಪರು ಸುತ್ತಿದರೆ ಮರದ ಒರಟು ಬರುತ್ತದೆ. ನಡುವೆ ಮುಷ್ಟಿ ಹಿಡಿಯುವಲ್ಲಿ ಒಂದು ಸುತ್ತು ಕಡಿಮೆ, ತುದಿಯ ಕಬ್ಬಿಣದ ಬಳೆಗೆ ಬೆಳ್ಳಿ ಬಣ್ಣ. ಅಂಗಡಿಯವರು, “ಬಾತ್‌ರೂಮಿಗಾ ಸಾರ್?” ಎಂದರು. “ಕೋಟೆಗೆ” ಎಂದೆ. ರಸೀದಿ ಬರೆಯುತ್ತಿದ್ದ ಪೆನ್ನು ನಿಂತಿತು.

ಇಷ್ಟಾಗಿಯೂ ಯಾವ ವೀಡಿಯೋದಲ್ಲೂ ಹೇಳದ ಸಂಗತಿ ಒಂದಿದೆ: ಜುಲೈಯಲ್ಲಿ ಊಟಿಯಲ್ಲಿ ಏನೂ ಒಣಗುವುದಿಲ್ಲ. ಮಂಜು ಕಿಟಕಿಯಿಂದ ಒಳಬಂದು ನೆಂಟನ ಹಾಗೆ ಕೂತುಬಿಡುತ್ತದೆ. ಒನಕೆ ಒಲೆ ಮುಂದೆ ಮಲಗಿತು, ಹೇರ್ ಡ್ರೈಯರ್ ಕೆಳಗೆ ಮಲಗಿತು, ಕೊನೆಗೆ ಭಾವನ ಹೀಟರಿನ ಪಕ್ಕದಲ್ಲಿ ಅವರಿಗಿಂತ ಹತ್ತಿರ ಮಲಗಿತು. ಸ್ಪರ್ಧೆಯ ದಿನವೂ ಅಂಟಂಟು. ಪುಟ್ಟಿ ಎತ್ತಿದ ಒನಕೆಯನ್ನು ಇಳಿಸಲೇ ಇಲ್ಲ, ಅಂಗೈಗೆ ಕಚ್ಚಿಕೊಂಡಿತ್ತು. ‘ಎಂಥಾ ರೋಷ!’ ಎಂದು ಜನ ಚಪ್ಪಾಳೆ ತಟ್ಟಿದರು.

ಮೊದಲ ಬಹುಮಾನ? ದೊಡ್ಡ ಹಳದಿ ಬಟ್ಟೆ ಚೀಲಕ್ಕೆ ತಲೆ, ಕೈಗಳಿಗೆ ತೂತು ಮಾಡಿ ಹಾಕಿಕೊಂಡು ಬಂದ ಹುಡುಗನಿಗೆ. ತಮಿಳುನಾಡು ಸರ್ಕಾರದ ‘ಮೀಂಡುಂ ಮಂಜಪ್ಪೈ’ (ಮತ್ತೆ ಹಳದಿ ಚೀಲ) ಅಭಿಯಾನದ ವೇಷವಂತೆ. ಬಹುಮಾನದ ಕಪ್ಪನ್ನೂ ಅದರೊಳಗೇ ಹಾಕಿಕೊಂಡು ಹೋದ.