ಏನಾದ್ರೂ ಮಾಡಿ ಅಂದೋರು ನೀವೇ ತಾನೆ?

ಮೊನ್ನೆ ಸ್ಟ್ಯಾಂಡಪ್ಪಲ್ಲಿ ಏನಂದ್ರಿ? "ತೊಂಬತ್ತು ಪರ್ಸೆಂಟ್ ಮುಗಿದಿದೆ." ನಿನ್ನೆ? ಅದೇ ತೊಂಬತ್ತು. ಇವತ್ತು? ಬೇಡ ಬಿಡಿ, ನಾನ್ಯಾರಿಗೂ ಹೇಳಲ್ಲ. (ಸ್ಕ್ರಮ್ ಮಾಸ್ಟರಿಗೆ ಗೊತ್ತಾಗಲ್ಲ ಅನ್ಕೊಂಡ್ರಾ? ಆಯಪ್ಪನೂ ಒಂದು ಕಾಲದಲ್ಲಿ ಕೋಡ್ ಬರೀತಿದ್ದೋನೇ.)

ಸ್ಟ್ಯಾಂಡಪ್ ಅಂದ್ರೆ ಹದಿನೈದು ನಿಮಿಷದೊಳಗೆ ಮುಗೀಲಿ, ಕಾಲು ನೋಯಲಿ, ಯಾರೂ ಭಾಷಣ ಬಿಗೀದಿರಲಿ ಅಂತ ನಿಂತ್ಕೊಂಡು ಮಾತಾಡೋ ಪದ್ಧತಿ ಅದು. ನೀವೋ ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಕ್ಯಾಬೊಳಗೆ ಒರಗಿಕೊಂಡು, ಮ್ಯೂಟ್ ಹಾಕ್ಕೊಂಡು "ನೋ ಬ್ಲಾಕರ್ಸ್" ಅಂತೀರಿ. ಮುಂದೆ ಬಿಎಂಟಿಸಿ ಬಸ್ಸು ಅಡ್ಡ ನಿಂತಿರುತ್ತೆ!

ಅಸಲಿಗೆ ಅಜೈಲ್‌ನಲ್ಲಿ ಪರ್ಸೆಂಟಿಗೆ ಬೆಲೆಯೇ ಇಲ್ಲ. ಮುಗಿದಿದೆ, ಇಲ್ಲಾ ಮುಗಿದಿಲ್ಲ. ಟೆಸ್ಟ್ ಆಗಿರಬೇಕಾ, ರಿವ್ಯೂ ಆಗಿರಬೇಕಾ ಅಂತ ಟೀಮು ಮೊದಲೇ ಬರೆದಿಟ್ಕೋಬೇಕು. ಅದೇ ಡೆಫಿನಿಷನ್ ಆಫ್ ಡನ್. ನಿಮ್ಮ ಟೀಮಿನದೂ ಎಲ್ಲೋ ಇದೆ. ಕೊನೇ ಸಲ ಯಾವಾಗ ತೆಗೆದು ನೋಡಿದ್ರಿ?

ಇದೆಲ್ಲದಕ್ಕೂ ಅಜೈಲ್ ಅಂತ ಹೆಸರು ಬಿದ್ದಿದ್ದು 2001ರ ಫೆಬ್ರವರಿಯಲ್ಲಿ. ಕೆಂಟ್ ಬೆಕ್, ಮಾರ್ಟಿನ್ ಫೌಲರ್, ಜೆಫ್ ಸದರ್ಲೆಂಡ್ ಸೇರಿ 17 ಜನ ಅಮೆರಿಕದ ಯೂಟಾದಲ್ಲಿ, ಸ್ನೋಬರ್ಡ್ ಅನ್ನೋ ಸ್ಕೀ ರೆಸಾರ್ಟಲ್ಲಿ ಕೂತು ಒಂದು ಪುಟ್ಟ ಪ್ರಣಾಳಿಕೆ ಬರೆದರು. ನೀವು ಅದರಲ್ಲಿ ಕಂಡುಕೊಂಡಿದ್ದು ಒಂದೇ: ಡಾಕ್ಯುಮೆಂಟ್ ಬರೀಬೇಕಾಗಿಲ್ಲ! (ಪೂರ್ತಿ ಓದಿ ಸ್ವಾಮೀ. ಡಾಕ್ಯುಮೆಂಟಿಗೂ ಬೆಲೆ ಇದೆ, ಓಡೋ ಸಾಫ್ಟ್‌ವೇರಿಗೆ ಇನ್ನೂ ಜಾಸ್ತಿ ಬೆಲೆ ಅಂತಿದಾರೆ ಅಷ್ಟೆ.)

"ಕ್ಲೈಂಟಿಗೆ ಏನು ಬೇಕು ಅಂತ ಅವನಿಗೇ ಗೊತ್ತಿಲ್ಲ" ಅಂತ ಟೀ ಕುಡೀತಾ ಗೊಣಗ್ತೀರಲ್ಲ, ಮನೇಲಿ ನೀವೇನು ಕಮ್ಮಿನಾ? "ತಿಂಡಿ ಏನು ಮಾಡ್ಲಿ?" ಅಂದ್ರೆ "ಏನಾದ್ರೂ ಮಾಡು". ತಟ್ಟೆ ಮುಂದೆ ಬಂದ ಮೇಲೆ "ಥೋ, ಮತ್ತೆ ಉಪ್ಪಿಟ್ಟಾ!" ಬೇಡದ್ದು ಯಾವುದು ಅಂತ ಗೊತ್ತಾಗೋಕೆ ತಟ್ಟೆ ಕಣ್ಣಿಗೆ ಬೀಳಬೇಕು. ಕ್ಲೈಂಟಿಗೂ ಅಷ್ಟೇ. ಅದಕ್ಕೇ ವರ್ಷಗಟ್ಟಲೆ ಕಾಯಿಸದೆ, ಹೆಚ್ಚಂದ್ರೆ ಒಂದು ತಿಂಗಳ ಸ್ಪ್ರಿಂಟ್ ಅನ್ನೋ ಗಡುವಲ್ಲಿ ಏನಾದ್ರೂ ಓಡೋದನ್ನ ಮಾಡಿ ತೋರಿಸಿ ಅನ್ನುತ್ತೆ ಸ್ಕ್ರಮ್ ಅನ್ನೋ ಅಜೈಲ್ ಪದ್ಧತಿ. ಬಹಳಷ್ಟು ಕಡೆ ಎರಡೇ ವಾರ.

ಬೇಕಾದ್ದನ್ನ ಬರೆದಿಡೋ ಯೂಸರ್ ಸ್ಟೋರಿ ವಿಷಯಕ್ಕೆ ಬನ್ನಿ. ಯಾರಿಗೆ ಬೇಕು, ಏನು ಬೇಕು, ಯಾಕೆ ಬೇಕು: ಮೂರೇ ತುಂಡು. ಮೊದಲೆರಡು ಚಕಚಕ ಬರೀತೀರಿ. ಮೂರನೇದು ಬಂದಾಗ? "ಬ್ಯಾಂಕಿನ ಗ್ರಾಹಕನಾಗಿ ನನಗೆ ಸ್ಟೇಟ್‌ಮೆಂಟ್ ಡೌನ್‌ಲೋಡ್ ಬೇಕು, ಯಾಕಂದ್ರೆ ಡೌನ್‌ಲೋಡ್ ಮಾಡ್ಕೋಬೇಕು." ಆಹಾ!

ಪಾಪ, ಆತನಿಗೆ ಬೇಕಾಗಿದ್ದು ವೀಸಾ ಅರ್ಜಿಗೆ ಆರು ತಿಂಗಳ ಲೆಕ್ಕ, ಒಂದೇ ಫೈಲಲ್ಲಿ. ನೀವು ಕೊಟ್ಟಿದ್ದು ತಿಂಗಳಿಗೊಂದರಂತೆ ಆರು ಫೈಲು, ಆರಕ್ಕೂ ಆರು ಸಲ ಒಟಿಪಿ. ಸ್ಟೋರಿ ಕಾರ್ಡು ಅನ್ನೋದು ಪೂರ್ತಿ ವಿವರ ಅಲ್ಲ, ಕೂತು ಮಾತಾಡೋದಕ್ಕೆ ಒಂದು ಚೀಟಿ ಅಂತ ಆ ಪ್ರಣಾಳಿಕೆ ಬರೆದವರಲ್ಲೇ ಒಬ್ಬನಾದ ರಾನ್ ಜೆಫ್ರೀಸ್ 2001ರಲ್ಲೇ ಹೇಳಿದ್ದ: ಕಾರ್ಡು, ಮಾತುಕತೆ, ಆಮೇಲೆ ಸರಿಯಾಗಿದೆಯಾ ಅಂತ ಖಾತ್ರಿ. ನೀವು ಕಾರ್ಡಿಗೇ ಕೈಮುಗಿದು ಬಂದ್ರಿ. ಒಂದು "ಯಾಕೆ ಸಾರ್?" ಕೇಳೋಕೆ ಏನ್ ಸಂಕೋಚ? (ದಡ್ಡ ಅನ್ಕೋತಾರೆ ಅಂತ ತಾನೆ? ಗೊತ್ತು, ಗೊತ್ತು.)

ಕೆಲಸ ಎಷ್ಟು ದೊಡ್ಡದು ಅಂತ ಅಂದಾಜು ಮಾಡೋ ಪ್ಲ್ಯಾನಿಂಗ್ ಪೋಕರಲ್ಲಂತೂ ನಿಮ್ಮ ಮುಖ ನೋಡೋಕೇ ಚೆಂದ. 1, 2, 3, 5, 8, 13. ಎಲ್ಲರೂ ಒಟ್ಟಿಗೇ ಕಾರ್ಡು ತೋರಿಸಬೇಕು. ಒಬ್ಬರ ನಂಬರು ಇನ್ನೊಬ್ಬರ ತಲೆ ಕೆಡಿಸದಿರಲಿ ಅಂತ. ನಿಮ್ಮ ಮನಸ್ಸಲ್ಲಿ 8 ಇರುತ್ತೆ. ಸೀನಿಯರ್ ಮೇಡಂ ಹುಬ್ಬು ಸ್ವಲ್ಪ ಅಲುಗಿತೋ, ನಿಮ್ಮ ಕೈ ಮೆಲ್ಲಗೆ 3ಕ್ಕೆ ಜಾರುತ್ತೆ. ಆಮೇಲೆ ಶನಿವಾರ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ಮೇಡಂನ ಬೈಕೋತೀರಿ.

ಇನ್ನು ರೆಟ್ರೋ. ಏನು ಸರಿಹೋಯ್ತು, ಏನು ಕೆಟ್ಟಿತು ಅಂತ ಬಾಯಿ ಬಿಡೋಕೇ ಇಟ್ಟಿರೋ ಮೀಟಿಂಗು. ಕ್ಯಾಮೆರಾ ಆಫ್, ಮೈಕ್ ಆಫ್. ಕೊನೆಗೆ ಯಾರೋ ಪುಣ್ಯಾತ್ಮರು "ಕಮ್ಯುನಿಕೇಷನ್ ಇಂಪ್ರೂವ್ ಆಗಬೇಕು" ಅಂತಾರೆ, ನೀವು ಥಂಬ್ಸ್‌ಅಪ್ ಒತ್ತುತ್ತೀರಿ. ಎರಡೇ ನಿಮಿಷ ಕಳೀಲಿ, ಮ್ಯಾನೇಜರ್ ಇಲ್ಲದ ಆ ಇನ್ನೊಂದು ವಾಟ್ಸಾಪ್ ಗ್ರೂಪಲ್ಲಿ ಅಸಲಿ ರೆಟ್ರೋ ಶುರು! ಏನು ವಿಶ್ಲೇಷಣೆ, ಏನು ಪ್ರಾಮಾಣಿಕತೆ, ಏನು ಸ್ಟಿಕ್ಕರ್ರು. ಇಲ್ಲ ಅನ್ಬೇಡಿ, ಗ್ರೂಪಿನ ಅಡ್ಮಿನ್ ನೀವೇ ತಾನೆ? ನನ್ನೂ ಸೇರಿಸ್ಕೊಳ್ರೀ.