ಜನಜಾಸ್ತಿ ರಾಯರು

ಬೆಟ್ಟದ ನೆತ್ತಿ ತಲುಪಿದ ಕೂಡಲೇ ಸೊಂಟದ ಮೇಲೆ ಎರಡೂ ಕೈ ಇಟ್ಟು, ಸುತ್ತ ಒಮ್ಮೆ ಕಣ್ಣಾಡಿಸಿ, "ಥೂ, ಏನ್ರೀ ಇದು, ಇಷ್ಟು ಜನ!" ಎಂದು ಉದ್ಗರಿಸುವ ಒಬ್ಬ ಮಹನೀಯರು ಕರ್ನಾಟಕದ ಪ್ರತಿಯೊಂದು ಬೆಟ್ಟದ ಮೇಲೂ ಸಿಗುತ್ತಾರೆ. ನಾನು ಅವರಿಗೆ ಜನಜಾಸ್ತಿ ರಾಯರು ಎಂದು ಹೆಸರಿಟ್ಟಿದ್ದೇನೆ. ರಾಯರು ಎಂದದ್ದು ಮರ್ಯಾದೆಗೆ. ಇವರಲ್ಲಿ ಗೌಡರು, ಶೆಟ್ಟರು, ಪಾಟೀಲರು, ನಿವೃತ್ತ ಮೇಷ್ಟ್ರು, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ದಂಪತಿ ಎಲ್ಲರೂ ಉಂಟು. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕೂತು, ಹೋಳಿಗೆಗೆ ಕೈ ಚಾಚುತ್ತಲೇ "ಇಷ್ಟೊಂದು ಜನರನ್ನ ಯಾಕೆ ಕರೀಬೇಕಿತ್ತು?" ಎನ್ನುವ ನೆಂಟರ ವಂಶ ಇವರದು. ಬೆಟ್ಟದ ಮೇಲಿನ ಜನರನ್ನು ಎಣಿಸುವಾಗ ಇವರು ಮುಂದೆ ನಿಂತವರಿಂದ ಶುರು ಮಾಡಿ ಹಿಂದೆ ನಿಂತವರಿಗೆ ಮುಗಿಸುತ್ತಾರೆ. ನಡುವೆ ನಿಂತವರು ಲೆಕ್ಕಕ್ಕಿಲ್ಲ.

ಜನ ಏಳುವ ಮೊದಲೇ ಹೊರಟುಬಿಡಬೇಕು ಎಂಬುದು ರಾಯರ ಸಿದ್ಧಾಂತ. ಅದರಂತೆ ಶನಿವಾರ ಬೆಳಗಿನ ಜಾವ ಮೂರಕ್ಕೆ ಬೆಂಗಳೂರಿನ ಮನೆ ಬಿಡುತ್ತಾರೆ. ಇದೇ ಸಿದ್ಧಾಂತದ ಇತರ ರಾಯರುಗಳೂ ಮೂರಕ್ಕೇ ಬಿಡುವುದರಿಂದ ನಾಲ್ಕಕ್ಕೆ ಎಲ್ಲರೂ ನೆಲಮಂಗಲದಲ್ಲಿ ಕೂಡುತ್ತಾರೆ. ಆರಕ್ಕೆ ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಇಡ್ಲಿಗೆ ಕ್ಯೂ, ಒಂಬತ್ತಕ್ಕೆ ಚಿಕ್ಕಮಗಳೂರು ದಾಟಿ ಕೈಮರ ಚೆಕ್‌ಪೋಸ್ಟಿನಲ್ಲಿ ಕ್ಯೂ. ಅಲ್ಲಿಂದ ಮುಂದೆ ಸೀತಾಳಯ್ಯನಗಿರಿಯ ತಿರುವುಗಳಲ್ಲಿ ಮುಂದಿನ ಟೆಂಪೋ ಟ್ರಾವೆಲರಿನ ಹೊಗೆ ಕುಡಿಯುತ್ತ, ತಮ್ಮ ಡೀಸೆಲ್ ಗಾಡಿಯ ಹೊಗೆಯನ್ನು ಹಿಂದಿನವರಿಗೆ ಕೊಡುತ್ತ, "ಈ ಟೆಂಪೋದವರನ್ನ ಮೊದಲು ನಿಲ್ಲಿಸಬೇಕು ರೀ" ಎನ್ನುತ್ತಾರೆ. ಟೆಂಪೋದಲ್ಲಿ ಹದಿನೈದು ಜನ ಇದ್ದಾರೆ. ರಾಯರ ಏಳು ಸೀಟಿನ ಗಾಡಿಯಲ್ಲಿ ರಾಯರು, ಅವರ ಶ್ರೀಮತಿಯವರು ಮತ್ತು ಒಂದು ಡ್ರೋನ್ ಇದೆ.

ಮುಳ್ಳಯ್ಯನಗಿರಿ ಎಂದರೆ ಸುಮ್ಮನಲ್ಲ. 1,930 ಮೀಟರ್, ರಾಜ್ಯದಲ್ಲೇ ಅತಿ ಎತ್ತರದ ಜಾಗ. ಅಷ್ಟು ಎತ್ತರದಲ್ಲಿ ನಿಂತರೆ ಭೂತಕಾಲ ಸ್ಪಷ್ಟವಾಗಿ ಕಾಣುತ್ತದೆ. "ನಾನು ತೊಂಬತ್ತೆಂಟರಲ್ಲಿ ಬಂದಾಗ ಒಂದು ನರಪಿಳ್ಳೆ ಇರಲಿಲ್ಲ" ಎಂದು ರಾಯರು ಶುರು ಮಾಡುತ್ತಾರೆ. ಪಕ್ಕದಲ್ಲಿ ನಿಂತ ಮೂವತ್ತೈದರ ಯುವಕ, "ಅಯ್ಯೋ ಸಾರ್, 2010ರಲ್ಲೂ ಯಾರೂ ಇರಲಿಲ್ಲ" ಎನ್ನುತ್ತಾನೆ. ಕಾಲೇಜು ಹುಡುಗಿಯೊಬ್ಬಳು ಇಯರ್‌ಫೋನ್ ತೆಗೆದು, "ಲಾಕ್‌ಡೌನ್‌ಗೆ ಮುಂಚೆ ಸೂಪರ್ ಆಗಿತ್ತು ಅಂಕಲ್" ಎಂದು ದನಿಗೂಡಿಸುತ್ತಾಳೆ. ಮೂವರ ಇತಿಹಾಸವನ್ನೂ ಒಟ್ಟಿಗೆ ಓದಿದರೆ ಒಂದು ಸತ್ಯ ಹೊರಬೀಳುತ್ತದೆ: ಪ್ರತಿಯೊಬ್ಬರ ಬೆಟ್ಟವೂ ಅವರು ಮೊದಲ ಸಲ ಬಂದುಹೋದ ಮಾರನೇ ದಿನದಿಂದ ಹಾಳಾಗಲು ತೊಡಗಿದೆ. ಹಿಂದಿನ ಮಂಟಪದ ಮುಳ್ಳಪ್ಪಸ್ವಾಮಿ ಇವರೆಲ್ಲರಿಗಿಂತ ಹಳಬ. ಅವನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಹತ್ತಿರದಲ್ಲೇ ದೇವೀರಮ್ಮನ ಬೆಟ್ಟವಿದೆ. ದೀಪಾವಳಿಯಲ್ಲಿ ಸುತ್ತಲ ಊರುಗಳ ಸಾವಿರಾರು ಜನ ರಾತ್ರಿಯಿಡೀ ಬರಿಗಾಲಲ್ಲಿ ಅದನ್ನು ಹತ್ತುತ್ತಾರೆ. ವರ್ಷಕ್ಕೊಮ್ಮೆ ಹರಕೆ ತೀರಿಸಿ ಇಳಿದು ಹೋಗುತ್ತಾರೆ. ರಾಯರ ಪಟ್ಟಿಯಲ್ಲಿ ಅವರು "ಕ್ರೌಡ್". ವರ್ಷದ ಎಲ್ಲ ವಾರಾಂತ್ಯಗಳಲ್ಲೂ ಬರುವ ತಾವು "ನೇಚರ್ ಲವರ್".

ಪರಿಸರದ ವಿಷಯದಲ್ಲಿ ರಾಯರನ್ನು ಅಲ್ಲಾಡಿಸಲಾಗದು. ಚಿಪ್ಸ್ ಪೊಟ್ಟಣ ಎಸೆದವನನ್ನು ನಿಲ್ಲಿಸಿ, ಪಶ್ಚಿಮ ಘಟ್ಟ ವಿಶ್ವ ಪಾರಂಪರಿಕ ತಾಣ, 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಎಂದು ಕಾಲು ಗಂಟೆ ಉಪನ್ಯಾಸ ಕೊಡುತ್ತಾರೆ. ಉಪನ್ಯಾಸದ ನಡುವೆ ಕಿತ್ತಳೆ ಸುಲಿದು ತಿಂದು ಸಿಪ್ಪೆಯನ್ನು ಹುಲ್ಲಿನ ಮೇಲೆ ಚೆಲ್ಲುತ್ತಾರೆ. ಕೇಳಿದರೆ, "ಅದು ಬಯೋಡಿಗ್ರೇಡಬಲ್ ರೀ, ಗೊಬ್ಬರ ಆಗುತ್ತೆ." ಗೊಬ್ಬರವಾಗುವ ಮೊದಲೇ ಕೋತಿಗಳು ಅದನ್ನು ನೋಡಿರುತ್ತವೆ. ಕಾಡಿನ ಹಣ್ಣು ಹುಡುಕುವ ಕಷ್ಟ ಯಾಕೆ, ರಸ್ತೆ ಬದಿ ಕೂತರೆ ರಾಯರು ಬರುತ್ತಾರೆ ಎಂದು ಮರಿಗಳಿಗೂ ಪಾಠವಾಗಿರುತ್ತದೆ.

ಜನರನ್ನು ತಪ್ಪಿಸಲು ರಾಯರಿಗೆ ಇನ್ನೊಂದು ಉಪಾಯ ಗೊತ್ತು. ಎಲ್ಲರೂ ಮೆಟ್ಟಿಲಲ್ಲಿ ಹತ್ತಿದರೆ ಇವರು ಹುಲ್ಲುಗಾವಲಿಗೆ ಇಳಿದು ಅಡ್ಡದಾರಿಯಲ್ಲಿ ಹೋಗುತ್ತಾರೆ. ಅವರ ಹಿಂದೆ, ಇವರಿಗೆ ದಾರಿ ಗೊತ್ತಿರಬೇಕು ಎಂದುಕೊಂಡ ಇಪ್ಪತ್ತು ಜನ. ಮುಂದಿನ ಶನಿವಾರ ಅಲ್ಲೊಂದು ಕಾಲುದಾರಿ ಮೂಡಿರುತ್ತದೆ, ಮಳೆಗಾಲ ಬಂದರೆ ಅದೇ ಕೊರಕಲು. ಈ ಬೆಟ್ಟಗಳ ಹುಲ್ಲು ಬರೀ ಫೋಟೋಗೆ ಹಾಸಿದ ಹಸಿರಲ್ಲ. ಸುರಿದ ಮಳೆಯನ್ನು ತಡೆದು ಮಣ್ಣಿಗೆ ಇಳಿಸುವುದು ಆ ಹುಲ್ಲು. ಕಣಿವೆಯ ಮಡಿಲಲ್ಲಿ ಆ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲೂ ತೊಟ್ಟಿಕ್ಕಿಸುವುದು ಶೋಲಾ ಕಾಡು. ಹುಲ್ಲು ಸವೆದ ಜಾಗದಲ್ಲಿ ನೀರು ಇಂಗದೆ ಮಣ್ಣನ್ನು ಹೊತ್ತುಕೊಂಡು ಓಡುತ್ತದೆ. ರಾಯರಿಗೆ ಇದೆಲ್ಲ ಗೊತ್ತು, ಡಾಕ್ಯುಮೆಂಟರಿ ನೋಡಿದ್ದಾರೆ. ಕೊರಕಲಿನ ಅಂಚಿನಲ್ಲಿ ನಿಂತು, "ನೋಡಿ, ಜನ ಹೇಗೆ ಹಾಳು ಮಾಡಿದ್ದಾರೆ" ಎಂದು ಅದರ ವಿಡಿಯೋವನ್ನೂ ಮಾಡಿದ್ದಾರೆ.

2022ರಲ್ಲಿ ಬಾಬಾಬುಡನ್‌ಗಿರಿ ಸಾಲಿನಲ್ಲಿ ನೀಲಕುರಿಂಜಿ ಅರಳಿತು. ಹನ್ನೆರಡು ವರ್ಷ ಕಾದು ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ ಅದು. ಬಂದವರು ಗಿಡಗಳ ನಡುವೆ ಕೂತು, ಮಲಗಿ ಫೋಟೋ ತೆಗೆಸಿಕೊಂಡರೆಂದು ರಾಯರು ಕೆಂಡಾಮಂಡಲವಾದರು. ಅವರು ಕಿತ್ತದ್ದು ಒಂದೇ ಒಂದು ಗೊಂಚಲು, ಅದೂ ಅಧ್ಯಯನಕ್ಕೆ. ಆ ವರ್ಷ ಅಧ್ಯಯನಾಸಕ್ತರು ಇಷ್ಟೊಂದು ಜನ ಇದ್ದಾರೆಂದು ಗಿಡಕ್ಕೆ ಮೊದಲೇ ಗೊತ್ತಿದ್ದರೆ ಇನ್ನೊಂದು ಹನ್ನೆರಡು ವರ್ಷ ಮುಂದೆ ಹಾಕುತ್ತಿತ್ತೇನೋ.

ಇತರರಿಗೆ ಬೀಳುವ ಶಿಕ್ಷೆ ಎಂದರೆ ರಾಯರಿಗೆ ಪರಮಾನಂದ. 2023ರ ಜುಲೈನಲ್ಲಿ ದೂಧಸಾಗರದ ಹಳಿಗುಂಟ ನಡೆದ ಚಾರಣಿಗರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದರಲ್ಲ, ಆ ವಿಡಿಯೋವನ್ನು ಅವರು ನನಗೆ ಮೂರು ಬೇರೆ ಬೇರೆ ಗುಂಪುಗಳಿಂದ ಕಳಿಸಿದ್ದರು. ದ್ವಾಪರದಲ್ಲಿ ಯಮುನೆಯ ದಡದಲ್ಲಿ ನಡೆದ ಪ್ರಸಂಗ 2024ರ ಜುಲೈನಲ್ಲಿ ಚಾರ್ಮಾಡಿಯ ಕಡೆ ಮರುಕಳಿಸಿತು. ನಿಷೇಧವಿದ್ದ ಜಲಪಾತಕ್ಕಿಳಿದ ಹುಡುಗರ ಬಟ್ಟೆಗಳನ್ನು ಈ ಬಾರಿ ಪೊಲೀಸರು ಹೊತ್ತೊಯ್ದರು. "ಹೀಗೇ ಆಗಬೇಕು!" ಎಂದರು ರಾಯರು. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಮುಂದೆ ಸೆಲ್ಫಿಗೆ ಹೋಗಿ, ಅದರ ಕಾಲಡಿಯಿಂದ ಬದುಕಿ ಬಂದವನಿಗೆ ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿದಾಗ, "ಕಮ್ಮಿ ಆಯ್ತು, ಐವತ್ತು ಸಾವಿರ ಹಾಕಬೇಕಿತ್ತು" ಎಂದರು. ಈ ಮಾತನ್ನು ಅವರು ಫೋನಿನಲ್ಲಿ ಹೇಳಿದ್ದು ಅದೇ ರಸ್ತೆಯ ಪಕ್ಕ ಗಾಡಿ ನಿಲ್ಲಿಸಿಕೊಂಡು. "ಇಲ್ಲೊಂದು ಒಂಟಿ ಸಲಗ ಇದೆ ರೀ. ಎರಡೇ ನಿಮಿಷ, ನಾನು ದೂರದಿಂದಲೇ ತೆಗೀತೀನಿ, ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟರು.

ರಾಯರ ಮಗ ಸ್ಯಾನ್ ಹೋಸೆಯಲ್ಲಿದ್ದಾನೆ. ಆದ್ದರಿಂದ ಅವರಿಗೆ ಯೊಸೆಮಿಟಿಯೂ ಆಗಿದೆ. 1890ರಲ್ಲಿ ರಾಷ್ಟ್ರೀಯ ಉದ್ಯಾನವಾದ, ವರ್ಷಕ್ಕೆ ಸುಮಾರು ನಲವತ್ತು ಲಕ್ಷ ಜನ ಬರುವ ಜಾಗ ಅದು. ಬೇಸಿಗೆಯ ಶನಿವಾರ ಗೇಟಿನ ಮುಂದೆ ಕಾರಿನಲ್ಲಿ ಎರಡು ಗಂಟೆ ಕೂತು, ಕಣಿವೆಯೊಳಗೆ ಪಾರ್ಕಿಂಗ್ ಹುಡುಕುತ್ತ ಇನ್ನೊಂದು ಗಂಟೆ ಸುತ್ತಿ ಬಂದ ಮೇಲೂ ರಾಯರ ಮುಖದಲ್ಲಿ ಭಕ್ತಿ ಇತ್ತು. "ಜಾಮ್ ಅಂದರೆ ಅದು ಜಾಮ್ ರೀ! ಒಬ್ಬ ಹಾರ್ನ್ ಹೊಡೆಯಲ್ಲ. ಎಲ್ಲ ನೀಟಾಗಿ ನಿಂತಿರ್ತಾರೆ." ಕೈಮರದಲ್ಲಿ ಇಪ್ಪತ್ತು ನಿಮಿಷ ನಿಂತರೆ ಅದು ದೇಶದ ದುರವಸ್ಥೆ. ಅಲ್ಲಿ ಎರಡು ಗಂಟೆ ನಿಂತದ್ದು ಪ್ರವಾಸದ ಭಾಗ.

ಪರಿಹಾರಗಳೂ ರಾಯರ ಹತ್ತಿರ ಬೇಕಾದಷ್ಟಿವೆ. ಟಿಕೆಟ್ ದರವನ್ನು ಐದು ಪಟ್ಟು ಏರಿಸಬೇಕು, ಆಗ "ಸೀರಿಯಸ್ ಜನ" ಮಾತ್ರ ಬರುತ್ತಾರೆ. ಬಾಡಿಗೆ ಬೈಕುಗಳನ್ನು ನಿಲ್ಲಿಸಬೇಕು, ರೀಲ್ಸ್ ಮಾಡುವವರ ಫೋನ್ ಕಸಿಯಬೇಕು. ಗೇಟಿನಲ್ಲೇ ಪರೀಕ್ಷೆ ಇಟ್ಟು, ಹತ್ತು ಹಕ್ಕಿಗಳ ಹೆಸರು ಹೇಳಬಲ್ಲವರನ್ನು ಮಾತ್ರ ಒಳಗೆ ಬಿಡಬೇಕು. ಆ ಹೊತ್ತಿಗೆ ಬೇಲಿಯ ಮೇಲೆ ಕೂತ ಪಿಕಳಾರವನ್ನು ತೋರಿಸಿ ಅವರು ಶ್ರೀಮತಿಯವರಿಗೆ, "ನೋಡು, ಮಲಬಾರ್ ವಿಸ್ಲಿಂಗ್ ಥ್ರಷ್" ಎಂದರು. ಚೆಕ್‌ಪೋಸ್ಟಿನ ವಾಚರ್ ಪಕ್ಕದಲ್ಲೇ ಇದ್ದ. ಹತ್ತು ಹಕ್ಕಿಯೇನು, ನೂರನ್ನು ಕೂಗಿನಲ್ಲೇ ಗುರುತಿಸಬಲ್ಲವನು. ಬಾಯಿ ತೆರೆಯಲಿಲ್ಲ. ಆಮೇಲೆ ನನ್ನ ಹತ್ತಿರ ಮಾತ್ರ ಹೇಳಿದ: "ಬೆಳಿಗ್ಗೆಯಿಂದ ಇಳಿದು ಬಂದೋರೆಲ್ಲ ಒಂದೇ ಮಾತು ಹೇಳಿ ಹೋದರು ಸ್ವಾಮಿ, ಮೇಲೆ ಜನ ಜಾಸ್ತಿ ಅಂತ. ಆ ಜನ ಯಾರು ಅಂತ ನಾನೂ ನೋಡ್ತಾನೇ ಇದ್ದೀನಿ, ಇನ್ನೂ ಇಳಿದು ಬಂದಿಲ್ಲ."

ಸರ್ಕಾರ ಒಂದು ದಿನ ರಾಯರ ಮಾತು ಕೇಳಿಬಿಟ್ಟಿತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ ವಿಡಿಯೋ ಊರೆಲ್ಲ ಹರಿದಾಡಿತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಅರಣ್ಯ ಇಲಾಖೆ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂದು, ಒಂದು ಹಾದಿಗೆ ದಿನಕ್ಕೆ 300 ಜನ ಎಂದು ಮಿತಿಯಾಯಿತು. 2025ರ ಸೆಪ್ಟೆಂಬರಿನಿಂದ ಮುಳ್ಳಯ್ಯನಗಿರಿ ಕಡೆಯ ವಾಹನಗಳಿಗೂ ಮುಂಗಡ ನೋಂದಣಿ, ಬೆಳಿಗ್ಗೆ, ಮಧ್ಯಾಹ್ನ ಎರಡು ಪಾಳಿ, ಪಾಳಿಗೆ 600 ವಾಹನ. "ನಾನು ಇಪ್ಪತ್ತು ವರ್ಷದಿಂದ ಬಡಕೊಂಡಿದ್ದು ಇದನ್ನೇ" ಎಂದು ರಾಯರು ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋದರು.

ಆ ಸಂತೋಷ ಗುರುವಾರದ ರಾತ್ರಿಯವರೆಗೆ ಇತ್ತು. ಶನಿವಾರದ ಚಾರಣಕ್ಕೆ ಬುಕ್ ಮಾಡಲು ಕೂತರೆ ಟಿಕೆಟ್ ಖಾಲಿ. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಯಂತ್ರ ಅವರನ್ನೂ ಒಬ್ಬ ಎಂದು ಎಣಿಸಿತ್ತು. ಅದರ ಲೆಕ್ಕದಲ್ಲಿ ಅವರು ಮುನ್ನೂರ ಒಂದನೆಯವರು, ಅಂದರೆ ಅಪ್ಪಟ ಜನ. ರಾಯರಿಗೆ ಸಿಟ್ಟು ಬಂತು. "ಇದು ಪ್ರಜಾಪ್ರಭುತ್ವ ಏನ್ರೀ? ಕಾಡು ಯಾರಪ್ಪನ ಮನೆ ಆಸ್ತಿ?" ಎಂದರು. ತುಸು ತಣ್ಣಗಾದ ಮೇಲೆ ದನಿ ತಗ್ಗಿಸಿ, ನಾಡಿನ ಎಲ್ಲ ಮಿತಿಗಳಿಗೂ ಹಿತ್ತಿಲ ಬಾಗಿಲಾಗಿರುವ ಆ ಪ್ರಶ್ನೆಯನ್ನು ಕೇಳಿದರು: "ಫಾರೆಸ್ಟ್‌ನಲ್ಲಿ ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ?"

ನನಗೆ ಯಾರೂ ಗೊತ್ತಿರಲಿಲ್ಲ. ಹಾಗಾಗಿ ರಾಯರು ಬೇರೆ ಬೆಟ್ಟ ಹುಡುಕಿದರು. ಇದು ಅವರ ಹೊಸ ಬುದ್ಧಿಯಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಲ್ಲಿ ಊಟಿಗೆ ಇ-ಪಾಸ್ ಕಡ್ಡಾಯವಾದಾಗಲೂ ರಾಯರು ಊಟಿ ಬಿಟ್ಟು ಗಾಡಿಯನ್ನು ಚಿಕ್ಕಮಗಳೂರಿನತ್ತ ತಿರುಗಿಸಿದ್ದರು. ಬೇಲಿ ಹಾಕಿದ ಹೊಲ ಬಿಟ್ಟು ದನ ಪಕ್ಕದ ಹೊಲಕ್ಕೆ ಹೋದರೆ ಬೇಲಿಯ ತಪ್ಪೂ ಅಲ್ಲ, ಹಸಿವಿನ ತಪ್ಪೂ ಅಲ್ಲ. ಪಕ್ಕದ ಹೊಲದ ಪಾಡು ಮಾತ್ರ ಕಷ್ಟ. ಹೊಸ ಬೆಟ್ಟದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ರಾಯರೂ ಯಾರಿಗೂ ಹೇಳಲಿಲ್ಲ, "ಹೆಸರು ಕೇಳಬೇಡಿ, ಜನ ಬಂದುಬಿಡ್ತಾರೆ" ಎಂದೇ ಫೋಟೋ ಹಾಕಿದರು. ಫೋಟೋದ ಕೆಳಗೆ ಫೋನು ತಾನಾಗಿಯೇ ಊರು, ಹೋಬಳಿ, ತಾಲ್ಲೂಕು ನಮೂದಿಸಿತ್ತು.

ಆ ಬೆಟ್ಟದಲ್ಲಿ ನಿಜಕ್ಕೂ ಒಬ್ಬರೂ ಇರಲಿಲ್ಲ. ಮಂಜು, ಗಾಳಿ, ಬೂಟಿನೊಳಗೆ ಉಂಬಳ, ತುದಿಯಲ್ಲಿ ರಾಯರು. ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದರು. ಹೇಳಲು ಏನೂ ತೋಚಲಿಲ್ಲ. ಬೈಯಲು ಟೆಂಪೋ ಇಲ್ಲ, ಉಪನ್ಯಾಸಕ್ಕೆ ಚಿಪ್ಸ್ ತಿನ್ನುವವನಿಲ್ಲ, ತೊಂಬತ್ತೆಂಟರ ಕಥೆ ಕೇಳುವವರಿಲ್ಲ. ಸುತ್ತ ಜನರೇ ಇಲ್ಲದಿದ್ದರೆ ತಾವು ಜನರಂತಲ್ಲ ಎಂದು ತೋರಿಸುವುದು ಯಾರಿಗೆ? ಜೊತೆಗಿದ್ದ ಶ್ರೀಮತಿಯವರನ್ನೂ ತಮ್ಮನ್ನೂ ಸೇರಿಸಿ ಫೋಟೋ ತೆಗೆಯಲೂ ಒಬ್ಬ ಸಿಗಲಿಲ್ಲ. ಸೋಮವಾರ ಸಿಕ್ಕಾಗ "ಹೇಗಿತ್ತು?" ಎಂದೆ. "ಏನ್ ಹೇಳೋದು ರೀ, ನೆಟ್‌ವರ್ಕ್ ಇಲ್ಲ, ಒಂದು ಟೀ ಅಂಗಡಿ ಇಲ್ಲ, ರಸ್ತೆ ಅಂತೂ ದೇವರಿಗೇ ಪ್ರೀತಿ. ಇಂಥ ಜಾಗಾನ ಡೆವಲಪ್ ಮಾಡದೆ ಬಿಟ್ಟಿದ್ದಾರಲ್ಲ!" ಎಂದು ನೊಂದುಕೊಂಡರು.

ನೊಂದುಕೊಂಡು ಸುಮ್ಮನಿರುವವರಲ್ಲ ರಾಯರು. ಅಂದೇ ಕೂತು ಅಧಿಕಾರಿಗಳಿಗೆ ಎರಡು ಅರ್ಜಿ ಬರೆದರು. ಮೊದಲನೆಯದರಲ್ಲಿ, ಮುಳ್ಳಯ್ಯನಗಿರಿಯ ಸೂಕ್ಷ್ಮ ಪರಿಸರದ ದೃಷ್ಟಿಯಿಂದ ಈಗಿನ ಮಿತಿಯನ್ನು ಇನ್ನೂ ಅರ್ಧಕ್ಕಿಳಿಸಬೇಕೆಂದು, ಹಿರಿಯ ಚಾರಣಿಗರಿಗೆ ಮಾತ್ರ ರಿಯಾಯಿತಿ ಇರಬೇಕೆಂದು ವಿನಂತಿಸಿದ್ದರು. ಎರಡನೆಯದರಲ್ಲಿ, ಹೊಸ ಬೆಟ್ಟಕ್ಕೆ ಡಾಂಬರು ರಸ್ತೆ, ಇನ್ನೂರು ಕಾರಿನ ಪಾರ್ಕಿಂಗ್, ಕ್ಯಾಂಟೀನು, ಮೊಬೈಲ್ ಟವರ್, ಒಂದು ವೀಕ್ಷಣಾ ಗೋಪುರ. ಎರಡಕ್ಕೂ ಒಂದೇ ತಾರೀಖು, ಒಂದೇ ಸಹಿ, ಸಹಿಯ ಕೆಳಗೆ "ಪರಿಸರಪ್ರೇಮಿ".

ಮೊದಲನೆಯದಕ್ಕೆ "ಪರಿಶೀಲಿಸಲಾಗುವುದು" ಎಂದು ಉತ್ತರ ಬಂದಿದೆ. ಎರಡನೆಯದಕ್ಕೆ ಜೆಸಿಬಿ ಬಂದಿದೆ.